ಕೀಲಿಕೈ ಗೊಂಚಲು ಒಬ್ಬರ ಸೊಂಟದಲ್ಲಿಯೇ ಇದ್ದರೆ

ಗುಡಿ, ಮಠ, ಸಭೆ, ಜಮಾತ್‌ಗಳ ಆಡಳಿತದ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿರೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂದಾಳತ್ವವನ್ನು ಹಂಚಿಕೊಳ್ಳುವ ತೊಡಕಿನ ಸುತ್ತಲೇ ಇದ್ದುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಓಣಿಯ ಗುಡಿಯ ಟ್ರಸ್ಟ್ ಕಮಿಟಿಗೆ ನಾನು 23 ವರ್ಷಗಳಿಂದ ಅಧ್ಯಕ್ಷನಾಗಿದ್ದೇನೆ. ಕಮಿಟಿಯಲ್ಲಿ 11 ಜನ ಇದ್ದರೂ ಗುಡಿಯ ಕೀಲಿ, ಚೆಕ್ ಪುಸ್ತಕ, ಪಾವತಿ ಪುಸ್ತಕ, ಶ್ರಾವಣದಲ್ಲಿ ಪುರಾಣ ಹಚ್ಚುವುದಕ್ಕೆ ಶಾಸ್ತ್ರಿಗಳನ್ನೂ ಗವಾಯಿಗಳನ್ನೂ ಗೊತ್ತುಮಾಡುವುದು, ದಾಸೋಹದ ಉಸ್ತುವಾರಿ, ಎಲ್ಲವೂ ನನ್ನ ಮೇಲೆಯೇ ಇವೆ. ಮೂರು ವರ್ಷಗಳ ಹಿಂದೆ ದಾಸೋಹವನ್ನು ಓಣಿಯ ಹುಡುಗರಿಗೆ ಒಪ್ಪಿಸಿ, ಹಣ ಬೇಕಾದಾಗಲೆಲ್ಲ ನನ್ನಿಂದ ಒಯ್ಯಿರಿ ಎಂದು ಹೇಳಿದ್ದೆ. ಎರಡು ವಾರ ಚೆನ್ನಾಗಿಯೇ ನಡೆಸಿದರು. ಮೂರನೆಯ ಸೋಮವಾರ ಅನ್ನ ಸಾಲದೆ ಸುಮಾರು 150 ಜನ ಬರೀ ಹುಗ್ಗಿ ಉಂಡು ಎದ್ದು ಹೋದರು. ನಾನು ಮರುದಿನವೇ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡೆ. ಈಗ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಿದೆ. ಜವಾಬ್ದಾರಿಯನ್ನು ಹಂಚಬೇಕೆಂಬ ಮನಸ್ಸು ಇದೆ, ಆದರೆ ಹೊರುವವರು ಯಾರೂ ಕಾಣುತ್ತಿಲ್ಲ. ಏನು ಮಾಡಲಿ?
– ಹಿರಿಯ ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಹೊರುವವರು ಕಾಣುತ್ತಿಲ್ಲ ಎಂದು ಬರೆದ ಅದೇ ಪತ್ರದಲ್ಲಿ, ಹುಡುಗರು ಎರಡು ವಾರ ದಾಸೋಹವನ್ನು ಚೆನ್ನಾಗಿ ನಡೆಸಿದರು ಎಂದೂ ತಾವೇ ಬರೆದಿದ್ದೀರಿ. ಹದಿನಾಲ್ಕು ದಿನ ಸರಿಯಾಗಿ ನಡೆದದ್ದನ್ನು ಒಂದು ಸಂಜೆ ಕೆಟ್ಟದ್ದು ನುಂಗಿಬಿಟ್ಟಿದೆ. ಆ ಸಂಜೆ ತಮಗಾದ ಅವಮಾನ ಸಣ್ಣದೆಂದು ನಾವು ಹೇಳುವುದಿಲ್ಲ. ಪಂಕ್ತಿಯಲ್ಲಿ ಕುಳಿತವರ ಎಲೆಗೆ ಅನ್ನ ಬರಲಿಲ್ಲ ಎಂದರೆ ಬಡಿಸುವವರಿಗಿಂತ ಹಿರಿಯರ ಮುಖವೇ ಮೊದಲು ಸಣ್ಣದಾಗುತ್ತದೆ. ಆದರೂ ಅಂದು ತಾವು ಆ ಹುಡುಗರಿಗೆ ನಿಜವಾಗಿ ಏನನ್ನು ಒಪ್ಪಿಸಿದ್ದಿರಿ ಎಂಬುದನ್ನು ಒಮ್ಮೆ ಬಿಡಿಸಿ ನೋಡಬೇಕು.

ಹಣ ತಮ್ಮ ಬಳಿಯೇ ಇತ್ತು. ಅಕ್ಕಿ ತರಬೇಕಾದರೆ ಒಬ್ಬ ಹುಡುಗ ತಮ್ಮ ಮನೆಯ ಕಟ್ಟೆಗೆ ಬಂದು ನಿಲ್ಲಬೇಕು, ಎಷ್ಟು ಮತ್ತು ಯಾಕೆ ಎಂದು ತಾವು ಕೇಳಬೇಕು, ಅವನು ಸಂಕೋಚಪಟ್ಟು ಒಂದು ಚೀಲ ಕಡಿಮೆ ಹೇಳಬೇಕು. ದೇವರ ಹಣವನ್ನು ಹಿರಿಯರ ಕೈಯಿಂದ ಬೇಡಿ ತರುವ ಹುಡುಗ ಯಾವಾಗಲೂ ಕಡಿಮೆಯೇ ಕೇಳುತ್ತಾನೆ. ಹೀಗೆ ದುಡ್ಡಿಲ್ಲದೆ ಕೊಟ್ಟ ಕೆಲಸವನ್ನು ನಮ್ಮ ಭಾಗದಲ್ಲಿ ಹಮಾಲಿ ಎನ್ನುತ್ತಾರೆ. ಹಮಾಲಿಗಾದರೆ ಸಂಜೆಗೆ ಕೂಲಿಯಾದರೂ ಸಿಗುತ್ತದೆ.

ಎರಡನೆಯದು ಲೆಕ್ಕದ ತಿಳಿವಳಿಕೆ. ಶ್ರಾವಣ ಸೋಮವಾರ ಒಪ್ಪತ್ತು ಇರುವವರು ಹಗಲೆಲ್ಲ ಉಪವಾಸವಿದ್ದು ರಾತ್ರಿ ಪುರಾಣ ಮುಗಿದ ಮೇಲೆ ಗುಡಿಯಲ್ಲಿಯೇ ಊಟಕ್ಕೆ ಕೂಡುತ್ತಾರಾದ್ದರಿಂದ, ಉಳಿದ ದಿನ ತಲೆಗೆ 100 ಗ್ರಾಂ ಅಕ್ಕಿ ಹಿಡಿದರೆ ಸಾಕಾಗುವಲ್ಲಿ ಸೋಮವಾರ ಅದಕ್ಕಿಂತ ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ. ಶ್ರಾವಣ ಏರುತ್ತ ಹೋದಂತೆ ಪಕ್ಕದ ಓಣಿಯವರೂ ಪುರಾಣ ಕೇಳಲು ಬರತೊಡಗುತ್ತಾರೆ, ಮೂರನೆಯ ಸೋಮವಾರದ ಜನ ಮೊದಲನೆಯ ಸೋಮವಾರದ ಜನವಲ್ಲ. ಮಳೆ ಹಿಡಿದರೆ ಮತ್ತೆ ಲೆಕ್ಕ ಬೇರೆ. ಇದೆಲ್ಲ 23 ವರ್ಷಗಳಲ್ಲಿ ತಮ್ಮ ತಲೆಯೊಳಗೆ ಕೂತಿದೆ, ಎಲ್ಲಿಯೂ ಬರೆದಿಟ್ಟಿಲ್ಲ. ಹುಡುಗರು ಮೊದಲ ವಾರದ ಚೀಲಗಳನ್ನು ಎಣಿಸಿ ಮೂರನೆಯ ವಾರಕ್ಕೂ ಅಷ್ಟನ್ನೇ ತಂದಿದ್ದರೆ ಅದು ಅವರ ಸೋಮಾರಿತನವಲ್ಲ. ಯಾರೂ ಹೇಳಿಕೊಡದ ಲೆಕ್ಕ ಅವರಿಗೆ ಎಲ್ಲಿಂದ ಬರಬೇಕು?

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು ಒಂದು ಇನ್ನೂರು ಪುಟದ ವಹಿಯನ್ನು ತರಿಸಿ, ಹುಡುಗರಲ್ಲಿ ಅಕ್ಷರ ದುಂಡಗಿರುವ ಒಬ್ಬನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು, ತಾವು ಹೇಳುತ್ತ ಹೋಗಿರಿ, ಅವನು ಬರೆಯುತ್ತ ಹೋಗಲಿ. ಯಾವ ಸೋಮವಾರ ಎಷ್ಟು ಎಲೆ ಬಿದ್ದವು, ಬೆಲ್ಲ ಎಲ್ಲಿಂದ, ಪಾತ್ರೆ ಯಾರ ಮನೆಯಿಂದ, ಅಡುಗೆಯವರಿಗೆ ಮುಂಗಡ ಎಷ್ಟು, ತಬಲಾ ಸಾಥಿಗೆ ಕಾಣಿಕೆಯನ್ನು ಯಾವಾಗ ಕೊಡುವುದು, ಪುರಾಣ ಮಂಗಲದ ದಿನ ಯಾರನ್ನು ಮನೆಗೇ ಹೋಗಿ ಕರೆಯದಿದ್ದರೆ ಸಿಟ್ಟಾಗುತ್ತಾರೆ. ಕೊನೆಯದನ್ನು ನಗುವುದಕ್ಕಾಗಿ ಬರೆದಿಲ್ಲ. ಒಂದು ಧಾರ್ಮಿಕ ಬಳಗವನ್ನು ನಡೆಸುವ ಕಸುಬಿನಲ್ಲಿ ಅರ್ಧ ಭಾಗ ಇಂಥ ತಿಳಿವಳಿಕೆಯೇ ಆಗಿರುತ್ತದೆ.

ಆಮೇಲೆ ಹಣದ ಮಾತು. ಬ್ಯಾಂಕ್ ಖಾತೆ ಒಬ್ಬರ ಸಹಿಯಿಂದ ನಡೆಯುತ್ತಿದ್ದರೆ ಮುಂದಿನ ಮೀಟಿಂಗಿನಲ್ಲಿಯೇ ಠರಾವು ಪಾಸು ಮಾಡಿಸಿ, ಮೂವರ ಹೆಸರಿನಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಎಂಬಂತೆ ಬದಲಿಸಿರಿ. ಬ್ಯಾಂಕಿನವರು ಠರಾವಿನ ಪ್ರತಿಯನ್ನೂ ಹೊಸ ಸಹಿದಾರರ ಗುರುತಿನ ಕಾಗದಪತ್ರಗಳನ್ನೂ ಕೇಳುತ್ತಾರೆ. ಹುಂಡಿಯ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದರೆ ಅದು ಯಾರ ಖಾತೆಗೆ ಕೂಡಿಕೊಂಡಿದೆ ಎಂದು ಇಂದೇ ನೋಡಿರಿ. ಅಧ್ಯಕ್ಷರ ಸ್ವಂತ ಮೊಬೈಲಿಗೆ ಕೂಡಿಕೊಂಡಿರುವ ಗುಡಿಗಳನ್ನು ನಾವು ಕಂಡಿದ್ದೇವೆ. ಮನಸ್ಸಿನಲ್ಲಿ ಕಪಟವಿಲ್ಲದೆ ಅವಸರದಲ್ಲಿ ಮಾಡಿದ ವ್ಯವಸ್ಥೆ ಅದು, ಆದರೆ ಆ ಮೊಬೈಲಿನ ಯಜಮಾನರು ಆಸ್ಪತ್ರೆಯಲ್ಲಿ ಮಲಗಿದ ದಿನ ಗುಡಿಯ ಆದಾಯವೂ ಅವರ ಜೊತೆಗೇ ಮಲಗುತ್ತದೆ. ದಾಸೋಹದವರಿಗೆ ವಾರಕ್ಕೆ ಇಷ್ಟೆಂದು ಮುಂಗಡ ಕೊಟ್ಟು, ವಾರದ ಕೊನೆಗೆ ಪಾವತಿಗಳ ಸಹಿತ ಕಿರ್ದಿಯನ್ನು ತೋರಿಸಲಿ ಎಂದು ಗೊತ್ತುಮಾಡಿದರೆ, ತಮ್ಮ ಕಟ್ಟೆಗೆ ಬಂದು ನಿಲ್ಲುವ ಪ್ರಸಂಗವೇ ಇರುವುದಿಲ್ಲ.

ಟ್ರಸ್ಟ್ ಡೀಡನ್ನು ಒಮ್ಮೆ ಹೊರತೆಗೆದು ಓದುವುದೂ ಅಗತ್ಯ. ಧಾರವಾಡ ಸೀಮೆ 1956ರವರೆಗೆ ಮುಂಬೈ ರಾಜ್ಯದಲ್ಲಿ ಇದ್ದುದರಿಂದ ನಮ್ಮ ಹಳೆಯ ಟ್ರಸ್ಟುಗಳಲ್ಲಿ ಅನೇಕವು 1950ರ ಮುಂಬೈ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯಡಿ ನೋಂದಣಿಯಾದವು; ಇತ್ತೀಚಿನ ಕೆಲವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘಗಳಾಗಿವೆ. ಪದಾಧಿಕಾರಿಗಳ ಅವಧಿ, ಆಯ್ಕೆಯ ಕ್ರಮ, ತೆರವಾದ ಜಾಗ ತುಂಬುವ ವಿಧಾನ ಆ ಕಾಗದದಲ್ಲಿ ಹೇಗಿದೆಯೋ ಹಾಗೆಯೇ ನಡೆಯಬೇಕಾಗುತ್ತದೆ. ಅಧ್ಯಕ್ಷರ ಅವಧಿ ಮೂರು ವರ್ಷ ಎಂದು ಡೀಡಿನಲ್ಲಿ ಬರೆದಿದ್ದು, ಯಾರೂ ಓದದೆ ಇಪ್ಪತ್ತು ವರ್ಷ ಸಾಗಿದ ಉದಾಹರಣೆಗಳು ಇಲ್ಲದಿಲ್ಲ.

ಇನ್ನು ಹೆಚ್ಚು ಕಷ್ಟದ ಭಾಗ ತಮ್ಮದೇ. ಈ ಅಂಕಣವನ್ನು ಬರೆಯುವವನು ಧಾರವಾಡದ ಒಂದು ಧಾರ್ಮಿಕ ಸಂಸ್ಥೆಗೆ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದು, ಹೊಸಬರಿಗೆ ಎಲ್ಲ ಪುಸ್ತಕಗಳನ್ನೂ ಕೀಲಿಗಳನ್ನೂ ಸಹಿ ಮಾಡಿಸಿಕೊಂಡು ಒಪ್ಪಿಸಿದ ಮೇಲೂ, ಸುಮ್ಮನೆ ನೋಡಿ ಬರೋಣವೆಂದು ದಿನಾಲು ಸಂಜೆ ಆಫೀಸಿಗೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂಡುತ್ತಿದ್ದ. ಎರಡು ತಿಂಗಳಾದ ಮೇಲೆ ಹೊಸ ಕಾರ್ಯದರ್ಶಿ ಚಹಾ ತರಿಸಿಕೊಟ್ಟು, "ಸರ್, ತಪ್ಪು ತಿಳೀಬ್ಯಾಡ್ರಿ. ನೀವು ಬಂದು ಕುಂತ ದಿನ ಯಾರೂ ನನ್ನ ಮಾರಿ ನೋಡೂದಿಲ್ಲ, ಎಲ್ಲಾರೂ ನಿಮ್ಮನ್ನs ಕೇಳ್ತಾರ" ಎಂದರು. ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದಾಗ ಅವರು ಹೇಳಿದ್ದು ಸರಿ ಎನ್ನಿಸಿತು. ಆಮೇಲೆ ಆರು ತಿಂಗಳು ಸಂಜೆಯ ತಿರುಗಾಟವನ್ನು ಕೆಲಗೇರಿ ಕೆರೆಯ ಕಡೆಗೆ ತಿರುಗಿಸಿದ್ದಾಯಿತು. ಆ ಅವಧಿಯಲ್ಲಿ ಸಂಸ್ಥೆಯಲ್ಲಿ ಎರಡು ತಪ್ಪುಗಳು ನಡೆದವು, ಎರಡನ್ನೂ ಅವರೇ ತಿದ್ದಿಕೊಂಡರು. ನಮ್ಮ ಕಾಲದಲ್ಲಿ ನಡೆದ ತಪ್ಪುಗಳ ಸಂಖ್ಯೆ ಎರಡಕ್ಕಿಂತ ಹೆಚ್ಚೇ ಇದ್ದಿರಬೇಕು, ಎಣಿಸುವವರು ಇರಲಿಲ್ಲ ಅಷ್ಟೆ.

ತಮ್ಮ ಪುರಾಣಕ್ಕೆ ಬರುವ ಗವಾಯಿಗಳ ಮೂಲವನ್ನೇ ಹಿಡಿದು ಹೊರಟರೆ ಒಂದು ದೊಡ್ಡ ಮಾದರಿ ಸಿಗುತ್ತದೆ. ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ 1904ರಲ್ಲಿ ಧಾರವಾಡದಲ್ಲಿ ನಡೆದಾಗ, ಅದನ್ನು ಕಟ್ಟಿ ನಿಲ್ಲಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳಾಗಿದ್ದರೂ, ಅಧ್ಯಕ್ಷರ ಪೀಠದಲ್ಲಿ ಕುಳಿತವರು ಗೃಹಸ್ಥರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು. ಐದು ವರ್ಷಗಳ ಮೇಲೆ, 1909ರಲ್ಲಿ, ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದ ಸ್ವಾಮಿಗಳು ವಟುಗಳ ಶಿಕ್ಷಣಕ್ಕೆ ಅಲ್ಲಿ ನೆಲೆ ಒದಗಿಸಿದರೆ, ಸಂಗೀತದ ಕಾರ್ಯವನ್ನು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ, ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳಿಗೆ ವಹಿಸಿದರು. ಗವಾಯಿಗಳು ಸಂಗೀತವನ್ನು ಕಲಿತು, ತಮ್ಮಂತೆ ಕಣ್ಣಿಲ್ಲದ ಮಕ್ಕಳಿಗೆ ಕಲಿಸಿ, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದರು; 1944ರಲ್ಲಿ ಅವರು ಲಿಂಗೈಕ್ಯರಾದಾಗ ಆ ಭಾರವನ್ನು ಹೊರಲು ಪುಟ್ಟರಾಜ ಗವಾಯಿಗಳು ಸಿದ್ಧರಾಗಿದ್ದರು. ಕಣ್ಣು ಕಾಣದ ಹುಡುಗನಿಗೆ ಇಂಥ ಭಾರವೇ ಎಂದು ಯಾರಾದರೂ ಹಿಂಜರಿದಿದ್ದರೆ ಇಂದು ನಮ್ಮ ಓಣಿಗಳ ಶ್ರಾವಣ ಬೇರೆಯೇ ಆಗಿರುತ್ತಿತ್ತು.

ಪುಟ್ಟರಾಜರೇ 2010ರವರೆಗೆ, ಅಂದರೆ 66 ವರ್ಷ, ಆಶ್ರಮವನ್ನು ನಡೆಸಲಿಲ್ಲವೇ ಎಂದು ತಾವು ಕೇಳಬಹುದು. ಗುರುವಿನ ಸ್ಥಾನ ಬೇರೆ, ಕಮಿಟಿಯ ಕುರ್ಚಿ ಬೇರೆ. ಗುರುಸ್ಥಾನಕ್ಕೆ ಅವಧಿ ಇಲ್ಲ. ಚೆಕ್ಕಿಗೆ ಸಹಿ ಮಾಡುವವರಿಗೆ ಇರಲೇಬೇಕು. ಈ ಎರಡನ್ನೂ ಕಲಸಿಕೊಂಡು, ಓಣಿಯ ಅಧ್ಯಕ್ಷರೂ ತಮ್ಮನ್ನು ಪೀಠಾಧಿಪತಿಗಳಂತೆ ಎಣಿಸಿಕೊಳ್ಳತೊಡಗಿದಲ್ಲಿಯೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ. ತಮ್ಮ ಬಗ್ಗೆ ಹೀಗೆ ಹೇಳುತ್ತಿಲ್ಲ, ತಾವು ಪತ್ರ ಬರೆದದ್ದೇ ತಾವು ಅಂಥವರಲ್ಲ ಎಂಬುದಕ್ಕೆ ಸಾಕ್ಷಿ.

ಬರುವ ಶ್ರಾವಣಕ್ಕೆ ದಾಸೋಹವನ್ನು ಅದೇ ಹುಡುಗರಿಗೆ ಮತ್ತೆ ಒಪ್ಪಿಸಿರಿ. ಬೇರೆಯವರನ್ನು ಹುಡುಕಬೇಡಿರಿ, ಅನ್ನ ಸಾಲದೆ ಹೋದ ಸಂಜೆಯನ್ನು ಕಂಡವರು ಅವರೇ, ಇನ್ನೊಮ್ಮೆ ಹಾಗಾಗಲು ಅವರು ಬಿಡುವುದಿಲ್ಲ. ತಾವು ಪಂಕ್ತಿಯಲ್ಲಿ ಊಟಕ್ಕೆ ಕೂಡಿರಿ. ಅಡುಗೆಯ ಕಡೆಗೆ ಮಾತ್ರ ಹೋಗಬೇಡಿರಿ, ಮೊಣಕಾಲು ಅದಕ್ಕೊಂದು ಒಳ್ಳೆಯ ನೆಪ.

ಪ್ರಶ್ನೆ: ನಮ್ಮ ಬಡಾವಣೆಯ ಬಸವ ಬಳಗದಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಸಂಖ್ಯೆಯಲ್ಲಿದ್ದೇವೆ. ಬಸವ ಜಯಂತಿಗೆ ರೊಟ್ಟಿ ಬಡಿಯುವುದು, ರಂಗೋಲಿ ಹಾಕುವುದು, ತೊಟ್ಟಿಲು ಕಟ್ಟುವುದು, ಕುಂಭ ಹೊರುವುದು ನಮ್ಮ ಪಾಲಿಗೆ. ಮೀಟಿಂಗ್ ಮಾತ್ರ ಗಂಡಸರದು. ಕೇಳಿದರೆ, ಅಕ್ಕನ ಬಳಗವೆಂದು ಬೇರೆ ಘಟಕ ಮಾಡಿಕೊಳ್ಳಿರಿ ಎನ್ನುತ್ತಾರೆ. ಒಪ್ಪಬೇಕೇ?
– ಓದುಗರು, ಧಾರವಾಡ

ಉತ್ತರ: ಅಕ್ಕನ ಬಳಗ ಮಾಡಿಕೊಳ್ಳಿರಿ, ಅದು ಒಳ್ಳೆಯದೇ, ಆದರೆ ಅದನ್ನು ಮುಖ್ಯ ಕಮಿಟಿಯ ಬದಲಿಗೆ ಕೊಟ್ಟರೆ ಒಪ್ಪಬೇಡಿರಿ. ಮನೆಯೊಳಗೆ ಪಾಲು ಕೇಳಿದವರಿಗೆ ಪಡಸಾಲೆಯನ್ನು ತೋರಿಸಿದಂತಾಗುತ್ತದೆ.

ಅನುಭವ ಮಂಟಪದ ಹೆಸರನ್ನು ಹೇಳದೆ ಮುಗಿಯುವ ಭಾಷಣವೇ ನಮ್ಮ ಭಾಗದಲ್ಲಿ ಇಲ್ಲ. ಹಾಗೆ ಭಾಷಣ ಮಾಡುವವರಿಗೆ ಎರಡು ಸಂಗತಿಗಳನ್ನು ನೆನಪಿಸಬಹುದು. ಬಿಜ್ಜಳನ ಆಸ್ಥಾನದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಬಸವಣ್ಣನವರು ಮಂಟಪದ ಶೂನ್ಯಪೀಠದಲ್ಲಿ ತಾವು ಕೂಡದೆ ಅಲ್ಲಮಪ್ರಭುಗಳನ್ನು ಕೂಡ್ರಿಸಿದರೆಂದು ಪರಂಪರೆ ಹೇಳುತ್ತದೆ. ಇನ್ನೊಂದು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ. ಗಂಡ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟು ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಅವರನ್ನು ಹಿಂದಕ್ಕೆ ಕಳುಹಿಸಿದವರು ಲಕ್ಕಮ್ಮ. ಈ ಕಥೆಯನ್ನು ಕೇಳಿ ನಾವೆಲ್ಲ ಆಕೆಯ ಆಸೆಯಿಲ್ಲದ ಮನಸ್ಸನ್ನು ಕೊಂಡಾಡುತ್ತೇವೆ. ಆಕೆ ಅಂದು ಮಾಡಿದ್ದು ಅಡುಗೆಯ ಕೆಲಸವಲ್ಲ, ಲೆಕ್ಕ ತಪಾಸಣೆಯ ಕೆಲಸ.

ಆದುದರಿಂದ ತಾವು ಕೇಳಬೇಕಾದದ್ದು ಗೌರವಾಧ್ಯಕ್ಷೆಯ ಪಟ್ಟವನ್ನಲ್ಲ, ಖಜಾಂಚಿಯ ಸ್ಥಾನವನ್ನು. ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರವೂ ಉಳಿತಾಯ, ಸಾಲ, ಬಡ್ಡಿಗಳ ಪುಸ್ತಕವನ್ನು ಬರೆದು ರೂಢಿಯಿರುವ ಹೆಣ್ಣುಮಕ್ಕಳು ತಮ್ಮಲ್ಲಿ ಖಂಡಿತ ಇರುತ್ತಾರೆ. ಅವರ ಹೆಸರನ್ನು ಮುಂದಿಡಿರಿ. ಮುಜರಾಯಿ ಗುಡಿಗಳಿಗೆ ಅನ್ವಯಿಸುವ 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮವು ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಇಬ್ಬರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕೆಂದು ಹೇಳುತ್ತದೆ. ತಮ್ಮ ಬಳಗ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಸರಕಾರದ ಗುಡಿಯಲ್ಲಿ ಇರುವಷ್ಟು ಜಾಗವೂ ಬಸವಣ್ಣನ ಹೆಸರಿನ ಬಳಗದಲ್ಲಿ ಇಲ್ಲವೇ ಎಂದು ಮೀಟಿಂಗಿನಲ್ಲಿ ಕೇಳಲು ಅಡ್ಡಿಯಿಲ್ಲ.

ಮೀಟಿಂಗಿನ ಹೊತ್ತನ್ನೂ ನೋಡಿಕೊಳ್ಳಿರಿ. ರಾತ್ರಿ ಎಂಟೂವರೆಗೆ ಸಭೆ ಕರೆದು, ಹೆಣ್ಣುಮಕ್ಕಳು ಬರಲೇ ಇಲ್ಲ ಎಂದು ನಡಾವಳಿಯಲ್ಲಿ ಬರೆದುಕೊಳ್ಳುವ ಜಾಣತನ ಬಹಳ ಹಳೆಯದು.

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಲ್ಲಿ ಸಭಾಪಾಲಕರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತದೆ. ಸಭೆಯ ಕಮಿಟಿಯಲ್ಲಿ ಮಾತ್ರ ಅದೇ ಮೂರು ಮನೆತನದ ಹಿರಿಯರು. ಹೊಸ ಪಾಲಕರು ಏನನ್ನಾದರೂ ಮಾಡಹೋದರೆ, ಇಲ್ಲಿ ಮೊದಲಿನಿಂದ ಹೀಗೆಯೇ ಎನ್ನುತ್ತಾರೆ. ಚುನಾವಣೆ ನಡೆಯುತ್ತದೆ, ಫಲಿತಾಂಶ ಬದಲಾಗುವುದಿಲ್ಲ.
– ಓದುಗರು, ಗದಗ–ಬೆಟಗೇರಿ

ಉತ್ತರ: ತಮ್ಮ ಊರಿನಲ್ಲಿ ಈ ರೂಢಿ ಬೆಳೆದದ್ದಕ್ಕೆ ಕಾರಣವೂ ಇದೆ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದು ನೆಲೆ ನಿಂತರು. ಮಿಶನರಿಗಳು ಬರುತ್ತಿದ್ದರು, ಹೋಗುತ್ತಿದ್ದರು, ಕೆಲವರು ಇಲ್ಲಿಯೇ ಮಣ್ಣಾದರು. ಪಾಲಕರು ಬದಲಾಗುತ್ತಿದ್ದಾಗ ಸಭೆಯನ್ನು ಹಿಡಿದು ನಿಲ್ಲಿಸುವುದಕ್ಕೆ ಊರಿನ ಹಿರಿಯರೇ ಬೇಕಾಗಿದ್ದರು. ಆ ಗಟ್ಟಿತನವನ್ನು ಹಳಿಯುವಂತಿಲ್ಲ. ಆದರೆ ಕಷ್ಟಕಾಲದಲ್ಲಿ ಹೊತ್ತ ಭಾರವನ್ನು ಮೊಮ್ಮಕ್ಕಳು ಆಸ್ತಿಯ ಹಾಗೆ ಹಿಡಿದುಕೊಂಡಿದ್ದರೆ ಅದಕ್ಕೆ ನಿಯಮದಿಂದಲೇ ಪರಿಹಾರ ಹುಡುಕಬೇಕು.

ಸತತವಾಗಿ ಎರಡು ಅವಧಿ ಇದ್ದವರು ಒಂದು ಅವಧಿ ಹೊರಗೆ ಇರಬೇಕೆಂದೂ, ಕಾರ್ಯದರ್ಶಿ ಮತ್ತು ಖಜಾಂಚಿ ಒಂದೇ ಮನೆತನದವರಾಗಿರಬಾರದೆಂದೂ ಸಭೆಯ ವಾರ್ಷಿಕ ಕೂಟದಲ್ಲಿ ಠರಾವು ತಂದು, ಅದನ್ನು ಧಾರವಾಡದಲ್ಲಿರುವ ತಮ್ಮ ಸಭಾಪ್ರಾಂತದ ಕಚೇರಿಗೆ ಕಳುಹಿಸಿರಿ. ಹೊರಗೆ ಇರುವ ಅವಧಿಯಲ್ಲಿ ಆ ಹಿರಿಯರಿಗೆ ಸಂಡೇ ಸ್ಕೂಲನ್ನೋ ರೋಗಿಗಳ ಭೇಟಿಯನ್ನೋ ವಹಿಸಿದರೆ ಅವರ ಅನುಭವವೂ ವ್ಯರ್ಥವಾಗುವುದಿಲ್ಲ. ಈ ಬಗೆಯ ವಿಂಗಡಣೆ ತಮ್ಮ ನೆರೆಯ ಮಸೀದಿಯಲ್ಲಿಯೂ ಕಾಣುತ್ತದೆ: ನಮಾಜಿಗೆ ಮುಂದೆ ನಿಲ್ಲುವವರು ಪೇಶ್ ಇಮಾಮರು, ಆಸ್ತಿಯನ್ನು ನೋಡುವವರು ಮುತವಲ್ಲಿ, ವಕ್ಫ್ ಕಾಯ್ದೆಯಂತೆ ವರ್ಷಕ್ಕೊಮ್ಮೆ ವಕ್ಫ್ ಮಂಡಳಿಗೆ ಲೆಕ್ಕ ಒಪ್ಪಿಸಬೇಕಾದವರೂ ಮುತವಲ್ಲಿಯೇ. ಅಲ್ಲಿಯೂ ಮನೆತನದ ಗುದ್ದಾಟ ಇಲ್ಲವೆಂದಲ್ಲ. ಪ್ರಾರ್ಥನೆಗೆ ಮುಂದಾಗುವವರೇ ಬಾಡಿಗೆ ವಸೂಲಿಗೂ ಹೋಗಬೇಕಾದ ಇಕ್ಕಟ್ಟಾದರೂ ತಪ್ಪುತ್ತದೆ.

ಪ್ರಶ್ನೆ: ನಮ್ಮೂರ ತೇರಿಗೆ ಕಳಸ ಒಂದು ಊರಿನಿಂದ, ಮಿಣಿ (ತೇರು ಎಳೆಯುವ ಹಗ್ಗ) ಇನ್ನೊಂದು ಊರಿನಿಂದ ಬರುತ್ತದೆ. ಗಾಲಿಗೆ ಸನ್ನೆ (ತಡೆಯುವ ಮರದ ತುಂಡು) ಕೊಡುವುದು ಒಂದು ಮನೆತನದ ಹಕ್ಕು, ತೇರು ಕಟ್ಟುವುದು ಬಡಿಗೇರರದು, ಹಲಗೆ ಬಾರಿಸುವುದು ಕೇರಿಯವರದು. ಹೊಸ ಜಾತ್ರಾ ಕಮಿಟಿಯ ನಾವು ಕೆಲವು ಯುವಕರು, ಈ ಹಕ್ಕುಗಳನ್ನೆಲ್ಲ ತೆಗೆದು ಎಲ್ಲವನ್ನೂ ಕಮಿಟಿಯೇ ನೋಡಿಕೊಳ್ಳಲಿ ಎಂದೆವು. ಊರ ದೈವ, ಅಂದರೆ ಕೂಡಿದ ಊರ ಜನ, ಎರಡಾಗಿ ನಿಂತಿದೆ. ನಮ್ಮದು ತಪ್ಪೇ?
– ಓದುಗರು, ಹಾವೇರಿ ತಾಲ್ಲೂಕು

ಉತ್ತರ: ಅರ್ಧ ತಪ್ಪು. ಯಾವ ಅರ್ಧ ಎಂದು ಹೇಳುವ ಮೊದಲು, ತೇರು ಎಳೆಯುವ ದಿನ ಗಾಲಿಯ ಹತ್ತಿರ ನಿಂತು ನೋಡಿದ್ದೀರಾ ಎಂದು ಕೇಳಬೇಕು. ಮಿಣಿಯ ಮುಂದಿನ ತುದಿಯಲ್ಲಿರುವ ನೂರಾರು ಜನರಿಗೆ ಎಳೆಯುವ ಬಲವಿದೆ, ತೇರು ಎತ್ತ ಹೊರಳುತ್ತಿದೆ ಎಂಬುದು ಕಾಣುವುದಿಲ್ಲ. ತೇರಿನ ಮೇಲೆ ಕುಳಿತ ಪೂಜಾರಿಗೆ ಎಲ್ಲವೂ ಕಾಣುತ್ತದೆ, ಕೈಯಲ್ಲಿ ಏನೂ ಇಲ್ಲ. ಸನ್ನೆಯವನೊಬ್ಬ ಮಾತ್ರ ಮೈಯನ್ನು ಬಾಗಿಸಿ, ಗಾಲಿಗೆ ಒಂದು ಮೊಳದ ಅಂತರದಲ್ಲಿ, ಮರದ ತುಂಡನ್ನು ಹಿಡಿದು ನಡೆಯುತ್ತಾನೆ. ಎಡಗಡೆಯ ಗಾಲಿಗೆ ಕೊಟ್ಟರೆ ತೇರು ಎಡಕ್ಕೆ ಮುಖ ಮಾಡುತ್ತದೆ, ಎರಡಕ್ಕೂ ಕೊಟ್ಟರೆ ನಿಲ್ಲುತ್ತದೆ. ಅವನು ಕೈ ಎತ್ತಿದರೆ ಊರ ಗೌಡರೂ ಮಿಣಿಯನ್ನು ಸಡಿಲು ಬಿಡಬೇಕು. ಕೈ ಒಂದು ಗಳಿಗೆ ತಡವಾದರೆ ಬೆರಳು ಉಳಿಯುವುದಿಲ್ಲವಾದ್ದರಿಂದ ತಂದೆ ಮಗನನ್ನು ಹತ್ತಾರು ಜಾತ್ರೆಗಳಲ್ಲಿ ಪಕ್ಕದಲ್ಲಿ ನಡೆಸಿಕೊಂಡು ಹೋಗಿ ಕಲಿಸುತ್ತಾನೆ. ಇದನ್ನು ಕಮಿಟಿಯಲ್ಲಿ ಕೈ ಎತ್ತಿ ಬದಲಿಸಿದರೆ ತೇರು ಯಾರದೋ ಮನೆಯ ಗೋಡೆಗೆ ಹೋಗಿ ನಿಲ್ಲುತ್ತದೆ.

ಕಳಸ, ಮಿಣಿಗಳು ಬೇರೆ ಬೇರೆ ಊರುಗಳಿಂದ ಬರುವುದರಲ್ಲಿಯೂ ಒಂದು ವಿವೇಕವಿದೆ. ಆ ಎರಡು ಊರುಗಳು ಮುನಿಸಿಕೊಂಡರೆ ತಮ್ಮ ತೇರು ಅಲುಗುವುದಿಲ್ಲ. ಆದ್ದರಿಂದ ವರ್ಷದಲ್ಲಿ ಒಮ್ಮೆಯಾದರೂ ಹೋಗಿ, ತೆಂಗಿನಕಾಯಿ, ಎಲೆ ಅಡಿಕೆ ಕೊಟ್ಟು, ಹಳೆಯ ಜಗಳವನ್ನು ಮುಗಿಸಿ ಬರಬೇಕಾಗುತ್ತದೆ. ಒಬ್ಬರೇ ಜಾತ್ರೆ ಮಾಡಲಾರದಂತೆ ಹಿರಿಯರು ಕಟ್ಟಿಟ್ಟ ಈ ಏರ್ಪಾಡನ್ನು ತೆಗೆದು, ಮಿಣಿಯನ್ನು ಪೇಟೆಯಿಂದ ಕೊಂಡು ತಂದರೆ ಕೆಲಸ ಸುಲಭವಾಗುತ್ತದೆ, ಎರಡು ಊರುಗಳ ಜನ ತಪ್ಪಿಹೋಗುತ್ತಾರೆ.

ಇನ್ನು ತಾವು ಸರಿಯಾಗಿರುವ ಅರ್ಧ. ಈ ಹಳೆಯ ಏರ್ಪಾಡು ಕೆಲಸವನ್ನು ಎಲ್ಲರಿಗೂ ಹಂಚಿತು, ಮಾತನ್ನು ಹಂಚಲಿಲ್ಲ. ಸನ್ನೆಯವನಿಗೆ ಗಾಲಿಯ ಹತ್ತಿರ ಇರುವ ಅಧಿಕಾರ, ತೇರು ಮನೆಯ ಕಟ್ಟೆಯ ಮೇಲೆ ಪಟ್ಟಿಯ, ಅಂದರೆ ವಂತಿಗೆಯ, ಲೆಕ್ಕ ನಡೆಯುವಾಗ ಇರುವುದಿಲ್ಲ. ಕೇರಿಯವರ ಹಲಗೆ ಬಾರದೆ ತೇರು ಹೊರಡುವುದಿಲ್ಲ, ಆದರೆ ದೈವ ಕೂಡಿದಾಗ ಅವರು ಕಟ್ಟೆಯ ಕೆಳಗೆ ನಿಂತು ಕೇಳುತ್ತಾರೆ. ವಂತಿಗೆಯನ್ನು ಎಲ್ಲರಿಂದಲೂ ಎತ್ತುತ್ತೀರಿ. ಅದನ್ನು ಖರ್ಚು ಮಾಡುವ ಮಾತಿನಲ್ಲಿ ಎಲ್ಲರೂ ಇರುವುದಿಲ್ಲ. ಅದಲ್ಲದೆ ಹಲಗೆಯನ್ನು ಹಕ್ಕು ಎಂದು ಕರೆಯುವವರು, ಕೇರಿಯ ಹುಡುಗ ಈ ವರ್ಷ ಬಾರಿಸುವುದಿಲ್ಲ ಎಂದಾಗ ಅದನ್ನು ಕರ್ತವ್ಯ ಎಂದು ತಿರುಗಿಸುತ್ತಾರೆ. 'ಬೇಡ' ಎನ್ನಲು ಬರದಿದ್ದರೆ ಅದು ಹಕ್ಕಲ್ಲ.

ತಾವು ಕೈಹಾಕಬೇಕಾದದ್ದು ಇಲ್ಲಿ. ಗಾಲಿಯ ಹತ್ತಿರದ ಕೆಲಸಗಳನ್ನು ಬಲ್ಲವರಿಗೇ ಬಿಡಿರಿ, ಆದರೆ ಕಲಿಯುವ ಮನಸ್ಸಿದ್ದ ಬೇರೆ ಮನೆಯ ಹುಡುಗರಿಗೂ ಸನ್ನೆಯವರು ಕಲಿಸಲಿ ಎಂದು ಕೇಳಿಕೊಳ್ಳಿರಿ. ಅನೇಕ ಊರುಗಳಲ್ಲಿ ಹಕ್ಕುದಾರರ ಮಕ್ಕಳು ಬೆಂಗಳೂರು, ಪುಣೆಗಳ ನೌಕರಿಯಲ್ಲಿದ್ದು ಜಾತ್ರೆಗೆ ರಜೆ ಸಿಗದೆ ಒದ್ದಾಡುವುದರಿಂದ, ಈ ಮಾತಿಗೆ ತಾವು ಅಂದುಕೊಂಡಷ್ಟು ವಿರೋಧ ಬರಲಿಕ್ಕಿಲ್ಲ. ಜಾತ್ರಾ ಕಮಿಟಿಯಲ್ಲಿ ಕಳಸದ ಊರಿನವರಿಗೆ ಒಂದು, ಮಿಣಿಯ ಊರಿನವರಿಗೆ ಒಂದು, ಬಡಿಗೇರರಿಗೆ ಒಂದು, ಕೇರಿಗೆ ಎರಡು ಸ್ಥಾನಗಳನ್ನು ಇಟ್ಟು, ಅವರನ್ನು ಅವರವರೇ ಆರಿಸಿ ಕಳುಹಿಸಲಿ ಎಂದು ಬಿಡಿರಿ. ಕೇರಿಯವರಲ್ಲಿ ಯಾರು ಒಳ್ಳೆಯವರು ಎಂದು ಊರವರು ಆರಿಸಿದರೆ, ಊರವರಿಗೆ ಹೂಂ ಎನ್ನುವವರೇ ಒಳ್ಳೆಯವರಾಗಿ ಬರುತ್ತಾರೆ.

ಎರಡಾಗಿ ನಿಂತ ದೈವವನ್ನು ಕೂಡಿಸುವುದಕ್ಕೆ ಮುಂದಿನ ಮೀಟಿಂಗನ್ನು ತೇರು ಮನೆಯ ಕಟ್ಟೆಯ ಮೇಲೆ ಕರೆಯದೆ ಶಾಲೆಯ ಅಂಗಳದಲ್ಲಿ ಕರೆಯಿರಿ. ಅಲ್ಲಿ ಮೇಲೆ ಕೂಡುವ ಜಾಗವಿಲ್ಲ, ಎಲ್ಲರಿಗೂ ಒಂದೇ ಜಮಖಾನೆ. ಹಿಂದಿನ ವರ್ಷದ ಪಟ್ಟಿಯ ಲೆಕ್ಕವನ್ನು ಮೊದಲಿಗೇ ಗಟ್ಟಿಯಾಗಿ ಓದಿಸಿರಿ, ಹಕ್ಕಿನ ಮಾತು ಆಮೇಲೆ ಬರಲಿ. ಓದುವವರು ತಮ್ಮ ಕಮಿಟಿಯವರಾಗದೆ, ತಮ್ಮನ್ನು ವಿರೋಧಿಸುತ್ತಿರುವ ಹಿರಿಯರಲ್ಲಿ ಒಬ್ಬರಾದರೆ ಇನ್ನೂ ಒಳ್ಳೆಯದು.